ಸರ್ಜರಿ ಮುಗಿಸಿ ಮನೆಗೆ ಬಂದಾಗ ಏರಿರುವ ಆ ಮೂರು ಕಿಲೋ

ತೂಕ ಇಳಿಸಲೆಂದು ಮಾಡಿಸಿಕೊಳ್ಳುವ ಹೊಟ್ಟೆಯ ಸರ್ಜರಿಯ ಮಾತಿದು. ಅದರಲ್ಲಿ ಸ್ಲೀವ್ ಎಂಬ ಬಗೆಯದನ್ನು ಮಾಡಿಸಿಕೊಂಡವರ ಜಠರದ ಮುಕ್ಕಾಲು ಭಾಗವನ್ನೇ ತೆಗೆದಿರುತ್ತಾರೆ. ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯದು) ಆದವರಿಗೆ ಉಳಿದಿರುವುದು ಕರುಳಿಗೆ ಜೋಡಿಸಿದ, ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ. ಎರಡು ದಿನದಿಂದ ಬಾಯಿಗೆ ಹೋಗಿದ್ದು ಬರೀ ಗುಟುಕು ಗುಟುಕು ನೀರು. ಆದರೂ ಮನೆಗೆ ಬಂದು ತೂಕದ ಯಂತ್ರ ಹತ್ತಿದರೆ ಆಸ್ಪತ್ರೆಗೆ ಸೇರಿದ ದಿನಕ್ಕಿಂತ ಎರಡು-ಮೂರು ಕಿಲೋ ಜಾಸ್ತಿ! ಇದು ಬಹಳ ಮಂದಿಗೆ ಆಗುತ್ತದೆ. ಸರ್ಜರಿಗೆ ಮುಂಚೆಯೇ ಯಾರಾದರೂ ಒಂದು ಮಾತು ಹೇಳಿಟ್ಟರೆ ಅರ್ಧ ಗಾಬರಿ ತಪ್ಪುತ್ತದೆ, ಆದರೆ ಆ ಗಡಿಬಿಡಿಯಲ್ಲಿ ಈ ಮಾತು ಹೆಚ್ಚಾಗಿ ಬಿಟ್ಟುಹೋಗುತ್ತದೆ.

ಮೊದಲು ಲೆಕ್ಕ ಹಾಕಿ ನೋಡಿ. ಮೈಗೆ ಒಂದು ಕಿಲೋ ಕೊಬ್ಬು ಸೇರಬೇಕಾದರೆ, ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ಒಳಗೆ ಹೋಗಬೇಕು. ಮೂರು ಕಿಲೋಗೆ 23,000ಕ್ಕೂ ಮೇಲೆ. ಸರ್ಜರಿಯಾದ ಮೊದಲ ವಾರ ದಿನಕ್ಕೆ 400–500 ಕ್ಯಾಲೊರಿ ಒಳಗೆ ಹೋದರೆ ಅದೇ ಹೆಚ್ಚು. ಏರಿದ್ದು ಕೊಬ್ಬಾಗಿರಲು ಸಾಧ್ಯವೇ ಇಲ್ಲ. ಅದು ನೀರು.

ಅಷ್ಟು ನೀರು ಬಂದದ್ದೆಲ್ಲಿಂದ? ಮುಖ್ಯವಾಗಿ ಡ್ರಿಪ್‌ನಿಂದ. ಒಂದು ಲೀಟರ್ ಸಲೈನ್ ಅಂದರೆ ಒಂದು ಕಿಲೋ ತೂಕ, ಜೊತೆಗೆ 9 ಗ್ರಾಂ ಉಪ್ಪು. ಆಪರೇಷನ್ ಟೇಬಲ್ ಮೇಲೆ ಮತ್ತು ಮಾರನೆಯ ದಿನ ಸೇರಿ ಮೂರು-ನಾಲ್ಕು ಲೀಟರ್ ಹೋಗುವುದು ಅಪರೂಪವೇನಲ್ಲ. ಉಪ್ಪು ಇರುವಷ್ಟು ಹೊತ್ತು ನೀರೂ ಇರುತ್ತದೆ. ಇದರ ಮೇಲೆ ದೇಹಕ್ಕೆ ಸರ್ಜರಿಗೂ ದೊಡ್ಡ ಗಾಯಕ್ಕೂ ವ್ಯತ್ಯಾಸ ಗೊತ್ತಿಲ್ಲ. ರಕ್ತ ಹೋಗುತ್ತಿರಬಹುದು, ನೀರು ಬಿಡಬೇಡ ಎಂದು ಕಿಡ್ನಿಗೆ ಹೇಳುವ ಹಾರ್ಮೋನುಗಳು ಒಮ್ಮೆಲೇ ಏರುತ್ತವೆ. ಗಾಯದ ಉರಿಯೂತದಿಂದ ಸಣ್ಣ ರಕ್ತನಾಳಗಳು ಸ್ವಲ್ಪ ಸಡಿಲವಾಗಿ, ಒಳಗಿನ ನೀರು ಚರ್ಮದ ಕೆಳಗಿನ ಪದರಕ್ಕೆ ಜಿನುಗುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಬೆಳಗ್ಗೆ ಉಂಗುರ ಬಿಗಿ, ಕಣ್ಣಿನ ರೆಪ್ಪೆ ಊದಿಕೊಂಡಿರುತ್ತದೆ. ಮೊಣಕಾಲಿನ ಕೆಳಗೆ, ಮೂಳೆಯ ಮೇಲೆ ಹೆಬ್ಬೆರಳಿಟ್ಟು ಐದು ಸೆಕೆಂಡ್ ಒತ್ತಿ ತೆಗೆಯಿರಿ. ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಂಡರೆ ಅಲ್ಲಿರುವುದು ನೀರೇ. ಎರಡು-ಮೂರು ದಿನ ಕಳೆದ ಮೇಲೆ ಹಾರ್ಮೋನುಗಳು ತಣ್ಣಗಾಗುತ್ತವೆ, ಮೂತ್ರ ಹೆಚ್ಚಾಗುತ್ತದೆ, ರಾತ್ರಿ ಎದ್ದು ಎದ್ದು ಹೋಗಬೇಕಾಗುತ್ತದೆ. ವಾರ-ಹತ್ತು ದಿನದೊಳಗೆ ಏರಿದ್ದು ಇಳಿದು, ಅಲ್ಲಿಂದ ಕೆಳಕ್ಕೆ ನಿಜವಾದ ಇಳಿಕೆ ಶುರು.

ಗ್ಯಾಸ್‌ನ ಮೇಲೆ ತಪ್ಪು ಹೊರಿಸುವವರು ಬಹಳ. ಲ್ಯಾಪರೊಸ್ಕೋಪಿಗಾಗಿ (ಸಣ್ಣ ತೂತುಗಳ ಮೂಲಕ ಮಾಡುವ ಸರ್ಜರಿ) ಹೊಟ್ಟೆಯೊಳಗೆ ತುಂಬುವ ಕಾರ್ಬನ್ ಡೈಆಕ್ಸೈಡ್‌ನಿಂದ ಉಬ್ಬರ ಆಗುವುದು ನಿಜ. ಅದು ಎದೆ-ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ಕೆಣಕಿ ಭುಜ ನೋಯಿಸುವುದೂ ನಿಜ. ಆದರೆ ನಾಲ್ಕು ಲೀಟರ್ ಗ್ಯಾಸ್‌ನ ತೂಕ ಸುಮಾರು ಏಳು ಗ್ರಾಂ, ಒಂದೂವರೆ ಟೀ ಚಮಚ ನೀರಿನಷ್ಟು. ತೂಕ ಏರಿದ್ದರಲ್ಲಿ ಅದರ ಪಾಲು ಏನೂ ಇಲ್ಲ. ಮಲಬದ್ಧತೆಗೆ ಮಾತ್ರ ಒಂದಿಷ್ಟು ಪಾಲಿದೆ. ಬಲವಾದ ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ, ಕಡಿಮೆ ನೀರು ಮೂರೂ ಸೇರಿದರೆ ಕರುಳು ಮುಷ್ಕರ ಹೂಡುತ್ತದೆ. ಮಲ ಮೆದುಮಾಡುವ ಔಷಧಿಯನ್ನು ಡಿಸ್ಚಾರ್ಜ್ ಆಗುವಾಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಎಡವುವುದು ಇದಾದ ಮೇಲೆ. ನೀರಿನಿಂದ ತೂಕ ಏರಿದೆ ಅಂದಮೇಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡೋಣ ಎನ್ನುವುದು ಉಲ್ಟಾ ಲೆಕ್ಕ. ನೀರು ಕಡಿಮೆಯಾದಷ್ಟೂ ಕಿಡ್ನಿ ಇನ್ನಷ್ಟು ಬಿಗಿ ಹಿಡಿಯುತ್ತದೆ. ಮೊದಲ ವಾರಗಳಲ್ಲಿ ಮತ್ತೆ ಆಸ್ಪತ್ರೆ ಸೇರಲು ದೊಡ್ಡದೊಂದು ಕಾರಣವೇ ನಿರ್ಜಲೀಕರಣ. ದಿನಕ್ಕೆ ಒಂದೂವರೆ ಲೀಟರಿನ ಮೇಲೆ ಒಳಗೆ ಹೋಗಬೇಕು. ಗಟಗಟ ಕುಡಿಯಲಂತೂ ಆಗದು. ಸಿರಪ್ ಬಾಟಲಿಯ ಜೊತೆ ಬರುವ ಪುಟ್ಟ ಅಳತೆ ಕಪ್ ತೆಗೆದುಕೊಳ್ಳಿ. ಹದಿನೈದು ನಿಮಿಷಕ್ಕೊಮ್ಮೆ 30 ಎಂಎಲ್ ಅಂದರೆ ಗಂಟೆಗೆ 120, ಎಚ್ಚರವಿರುವ ಹದಿನಾಲ್ಕು ಗಂಟೆಗೆ 1,680 ಎಂಎಲ್. ಫೋನಿನಲ್ಲಿ ಅಲಾರಂ ಇಟ್ಟುಕೊಂಡರೆ ಸಲೀಸು. ಮೊದಲ ಎರಡು ದಿನ ಈ ಗುರಿ ಮುಟ್ಟದಿರಬಹುದು. ಮೂತ್ರ ತಿಳಿ ಹಳದಿಯಾಗಿದ್ದರೆ ಸರಿದಾರಿಯಲ್ಲಿದ್ದೀರಿ, ಕಡುಬಣ್ಣಕ್ಕೆ ತಿರುಗಿದರೆ ಸಾಲುತ್ತಿಲ್ಲ.

ಇನ್ನೊಂದು ತಪ್ಪು, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ತಾವೇ ನುಂಗುವುದು. ಪೊಟ್ಯಾಶಿಯಂ ಕುಸಿದು, ಕಿಡ್ನಿಗೆ ಪೆಟ್ಟು ಬಿದ್ದು ಮೂರು ಕಿಲೋ ಹೋಗಿ ಮೂವತ್ತು ತೊಂದರೆ ಬರುತ್ತವೆ. ಬಿಪಿಗಾಗಿ ಅದನ್ನು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರು ಕೂಡ ಸರ್ಜರಿಯ ನಂತರ ಮುಂದುವರಿಸಬೇಕೇ, ಎಷ್ಟು ಎಂದು ಕೇಳಿಯೇ ಶುರುಮಾಡಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳೂ ಉಪ್ಪು-ನೀರನ್ನು ಹಿಡಿದಿಡುತ್ತವೆ. ಬೈಪಾಸ್ ಆದವರಿಗೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣೂ ತರುತ್ತವೆ. ಅವರು ಅತ್ತ ಕೈ ಹಾಕಬಾರದು.

ಮೂರನೆಯ ವಾರದ ಹೊತ್ತಿಗೆ ಇನ್ನೊಂದು ಆಟ ನಡೆಯುತ್ತದೆ. ಸರಸರ ಇಳಿಯುತ್ತಿದ್ದ ತೂಕ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಕೆಲವರಿಗೆ ಅರ್ಧ-ಒಂದು ಕಿಲೋ ಏರುತ್ತದೆ. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು ಅರ್ಧ ಕಿಲೋ ಇರುತ್ತದೆ. ಅದರ ಒಂದೊಂದು ಗ್ರಾಂ ಮೂರು ಗ್ರಾಂನಷ್ಟು ನೀರನ್ನು ಅಂಟಿಸಿಕೊಂಡಿರುತ್ತದೆ. ಒಟ್ಟು ಎರಡು ಕಿಲೋ ಅಂದುಕೊಳ್ಳಿ. ದ್ರವಾಹಾರದ ದಿನಗಳಲ್ಲಿ ದಾಸ್ತಾನು ಖಾಲಿಯಾಗುವಾಗ ಆ ನೀರೂ ಹೋಗುತ್ತದೆ, ಯಂತ್ರ ನೋಡಿ ಖುಷಿಯೋ ಖುಷಿ. ಅರೆದ ಆಹಾರ, ಮೆತ್ತನೆಯ ಆಹಾರ ಶುರುವಾದಾಗ ದಾಸ್ತಾನು ಒಂದಿಷ್ಟು ತುಂಬುತ್ತದೆ, ನೀರು ವಾಪಸ್ಸಾಗುತ್ತದೆ. ಕೊಬ್ಬು ಕರಗುವುದು ನಿಂತಿರುವುದಿಲ್ಲ, ಈ ನೀರು ಅದನ್ನು ಮರೆಮಾಡಿರುತ್ತದೆ ಅಷ್ಟೆ. ಒಂದು-ಎರಡು ವಾರ ಹೀಗೆ ಎಳೆಯಬಹುದು. ಆಗ ಊಟ ಇನ್ನೂ ಕಡಿಮೆ ಮಾಡಲು ಹೋಗಬೇಡಿ. ದಿನಕ್ಕೆ 60–80 ಗ್ರಾಂ ಪ್ರೋಟೀನ್ ತಪ್ಪಿದರೆ ಕರಗುವುದು ಸ್ನಾಯು. ಹೊಸದಾಗಿ ವ್ಯಾಯಾಮ ಶುರುಮಾಡಿದ ವಾರ, ಮುಟ್ಟಿನ ಮುಂಚಿನ ದಿನಗಳು, ಉಪ್ಪು ಜಾಸ್ತಿಯಾದ ಸೂಪು, ಇವೆಲ್ಲವೂ ಒಂದೆರಡು ಕಿಲೋ ಅತ್ತಿತ್ತ ಮಾಡಬಲ್ಲವು.

ದಿನಕ್ಕೆ ಮೂರು ಸಲ ಯಂತ್ರ ಹತ್ತುವವರಿಗೆ ಹೇಳುವುದಿಷ್ಟೇ: ವಾರಕ್ಕೊಮ್ಮೆ ಸಾಕು. ಬೆಳಗ್ಗೆ, ಮೂತ್ರಕ್ಕೆ ಹೋಗಿ ಬಂದು, ಏನೂ ಕುಡಿಯುವ ಮುಂಚೆ, ಅದೇ ಯಂತ್ರ, ಗಟ್ಟಿ ನೆಲ, ಅದೇ ಬಟ್ಟೆ. ಟೇಪು ಹಿಡಿದು ಹೊಕ್ಕುಳ ಮಟ್ಟದ ಸುತ್ತಳತೆಯನ್ನೂ ಬರೆದಿಡಿ. ಎಷ್ಟೋ ಸಲ ತೂಕ ನಿಂತ ವಾರದಲ್ಲೇ ಪ್ಯಾಂಟು ಸಡಿಲವಾಗಿರುತ್ತದೆ.

ಹಾಗಂತ ಎಲ್ಲ ಊತವನ್ನೂ ನೀರು ತಾನೇ ಎಂದು ತಳ್ಳಿಹಾಕುವಂತಿಲ್ಲ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಉಸಿರು ಕಟ್ಟುವುದು, ಸುಮ್ಮನೆ ಕೂತಿದ್ದಾಗಲೂ ನಾಡಿ 120 ದಾಟುವುದು, ಜ್ವರ, ಹೊಟ್ಟೆನೋವು ಏರುತ್ತಲೇ ಹೋಗುವುದು ಹೊಟ್ಟೆಯೊಳಗಿನ ಹೊಲಿಗೆ ಸೋರುತ್ತಿರುವುದರ ಲಕ್ಷಣಗಳಾಗಿರಬಹುದು. ಇಂಥದ್ದಕ್ಕೆ ಬೆಳಗಾಗುವವರೆಗೆ ಕಾಯಬಾರದು. ಇಳಿಯಬೇಕಾದ ದಿನಗಳಲ್ಲಿ ತೂಕ ದಿನವೂ ಏರುತ್ತಾ ಮೂತ್ರ ತೀರಾ ಕಡಿಮೆಯಾದರೆ, ಅದರಲ್ಲೂ ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದವರು, ಅದೇ ದಿನ ಫೋನ್ ಮಾಡಬೇಕು.

ಇನ್ನೊಂದು ಊತ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ, ಮೋಸ ಮಾಡುವುದರಲ್ಲಿ ಇದೇ ಮೊದಲು. ಎರಡೂ ಪಾದಗಳಲ್ಲಿ ಸಂಜೆ ಹೊತ್ತಿಗೆ ಊತ, ಕೂದಲು ಉದುರುವುದು, ಮೆಟ್ಟಿಲು ಹತ್ತಿದರೆ ಸುಸ್ತು, ಯಂತ್ರದಲ್ಲಿ ತೂಕ ಏರಿಕೆ. ಊಟ ಜಾಸ್ತಿಯಾಯಿತೇನೋ ಎಂದು ಇನ್ನೂ ಕಡಿಮೆ ತಿನ್ನುತ್ತಾರೆ. ಬಹಳ ಸಲ ಆಗಿರುವುದು ಪ್ರೋಟೀನ್ ಕೊರತೆ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾಗಿ ನೀರು ನಾಳದಲ್ಲಿ ನಿಲ್ಲದೆ ಕಾಲಿಗೆ ಇಳಿದಿರುತ್ತದೆ. ಒಳಗೆ ಸ್ನಾಯು ಕರಗುತ್ತಿರುತ್ತದೆ, ಹೊರಗೆ ತೂಕ ಏರುತ್ತಿರುತ್ತದೆ. ಆಲ್ಬುಮಿನ್, ಕಬ್ಬಿಣ, ಬಿ12, ಥೈರಾಯ್ಡ್ ಒಟ್ಟಿಗೆ ಪರೀಕ್ಷೆ ಮಾಡಿಸದೆ ಇಲ್ಲಿ ಏನನ್ನೂ ಊಹಿಸಬಾರದು.

ಒಂದೂವರೆ-ಎರಡು ವರ್ಷದ ನಂತರದ ಏರಿಕೆಯ ಕಥೆಯೇ ಬೇರೆ, ಅಲ್ಲಿ ಏರುವುದು ಕೊಬ್ಬು. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿಸಿದ್ದರು, ಹತ್ತು ವರ್ಷಕ್ಕೆ ಅದು ಶೇ. 25ಕ್ಕೆ ಬಂದು ನಿಂತಿತ್ತು. 120 ಕಿಲೋ ಇದ್ದವರು 82ಕ್ಕೆ ಇಳಿದು 90ಕ್ಕೆ ಬಂದ ಹಾಗೆ. ಆ ಎಂಟು ಕಿಲೋವನ್ನು ಸೋಲು ಅನ್ನುವುದು ತಪ್ಪು. ಅದನ್ನೂ ಮೀರಿ ಏರುತ್ತಿದ್ದರೆ ಕಾರಣ ಹುಡುಕಬೇಕು. ಹೊಟ್ಟೆಯ ಚೀಲ ಹಿಗ್ಗಿತೇ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ನಾನಾದರೆ ಅದನ್ನು ಕೊನೆಗೆ ಕೇಳುತ್ತೇನೆ. ಮೊದಲು ನೋಡಬೇಕಾದ್ದು ದಿನವಿಡೀ ಬಾಯಾಡಿಸುವ ಅಭ್ಯಾಸ, ಹೊಟ್ಟೆ ತುಂಬಿಸದೆ ಜಾರಿಹೋಗುವ ಬಿಸ್ಕತ್ತು-ಐಸ್‌ಕ್ರೀಂ-ಜ್ಯೂಸ್, ಊಟದ ಜೊತೆಗೇ ನೀರು ಕುಡಿಯುವುದು, ಮದ್ಯ, ಹೊಸದಾಗಿ ಶುರುವಾದ ಸ್ಟೀರಾಯ್ಡ್ ಅಥವಾ ಖಿನ್ನತೆಯ ಮಾತ್ರೆ. ಊಟವಾಗಿ ಒಂದರಿಂದ ಮೂರು ಗಂಟೆಯಲ್ಲಿ ಬೆವರು, ನಡುಕ ಬಂದು ಸಿಹಿ ತಿನ್ನಲೇಬೇಕು ಅನ್ನಿಸಿದರೆ ಸಕ್ಕರೆ ಕುಸಿಯುತ್ತಿದೆ ಎಂದರ್ಥ. ಸಿಹಿ ತಿಂದಷ್ಟೂ ಅದು ಮತ್ತೆ ಮತ್ತೆ ಕುಸಿಯುತ್ತದೆ. ಒಂದು ವಾರ ತಿಂದದ್ದನ್ನು ಗಂಟೆ ಸಮೇತ ಬರೆದು ಡಾಕ್ಟರ ಮುಂದಿಡಿ. ಎಂಡೋಸ್ಕೋಪಿ, ಸೆಮಾಗ್ಲುಟೈಡ್‌ನಂಥ ಹಸಿವು ತಗ್ಗಿಸುವ ಔಷಧಿ, ಮರುಸರ್ಜರಿ ಇವೆಲ್ಲ ಅದಾದ ಮೇಲಿನ ಮಾತು.

ಐದು ದಿನ ಬರೀ ದ್ರವ ಕುಡಿದು ಚೀಲವನ್ನು ಮೊದಲಿನಂತೆ ಚಿಕ್ಕದು ಮಾಡಿಕೊಳ್ಳಿ ಎಂಬ ಸಲಹೆಯೂ ಓಡಾಡುತ್ತಿರುತ್ತದೆ. ಚೀಲ ಕುಗ್ಗುವುದಿಲ್ಲ. ಎರಡು ಕಿಲೋ ಮಾತ್ರ ಖಂಡಿತ ಇಳಿಯುತ್ತದೆ, ಅದೇ ಹಳೆಯ ಗ್ಲೈಕೋಜನ್ ಮತ್ತು ಅದರ ನೀರು. ಆರನೆಯ ದಿನ ಗಟ್ಟಿ ಊಟ ಶುರುವಾಗುತ್ತಿದ್ದಂತೆ ವಾಪಸ್ ಬರುತ್ತದೆ.