ದುಡ್ಡು ಬಂದ ಕೂಡಲೇ ಕೆಲಸ ಮುಗಿಯುವುದಿಲ್ಲ

ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ದೇಣಿಗೆ ಸಂಗ್ರಹಿಸುವ ಕೆಲಸ ನನ್ನದು. ಸರ್ಕಾರಿ ಶಾಲೆ ಮಕ್ಕಳಿಗೆ ಸಂಜೆ ಓದಿಸುವ ಕೇಂದ್ರಗಳನ್ನು ನಡೆಸುತ್ತೇವೆ. ನಮ್ಮ ತಂಡದಲ್ಲಿ ಐದು ಜನ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದಲ್ವಾ, ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ 80ಜಿ ವಿನಾಯಿತಿ ಬೇಕಾದವರು ಅಷ್ಟರೊಳಗೆ ಕೊಡುತ್ತಾರೆ. ಹಾಗಾಗಿ ಜನವರಿಯಿಂದಲೇ ಒಂದು ದೊಡ್ಡ ಮನವಿ ಪತ್ರ ತಿದ್ದುತ್ತಾ ಕೂರುತ್ತಿದ್ದೆವು. ಅದು ಹೊರಗೆ ಹೋಗುವಷ್ಟರಲ್ಲಿ ಮಾರ್ಚ್ ಅರ್ಧ ಕಳೆದಿರುತ್ತಿತ್ತು.

ಒಂದು ಮೇ ತಿಂಗಳಲ್ಲಿ ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. "ದುಡ್ಡು ತಲುಪಿತೇನಮ್ಮ? ಏನೂ ಗೊತ್ತಾಗಲಿಲ್ಲ" ಅಂದರು. ಫೆಬ್ರವರಿಯಲ್ಲೇ ಕಳಿಸಿದ್ದರು. ನಾವು ರಸೀದಿ ಕಳಿಸಿರಲಿಲ್ಲ, ಒಂದು ಫೋನ್ ಕೂಡ ಮಾಡಿರಲಿಲ್ಲ. ಅವರ ದನಿಯಲ್ಲಿ ಕೋಪ ಇರಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಶನಿವಾರ ಪಾಠ ಹೇಳಲು ಬರುವ ಹುಡುಗಿಯೊಬ್ಬಳು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅವಳ ಹತ್ತಿರ ಇದನ್ನು ಹೇಳಿಕೊಂಡೆ. "ಅಕ್ಕಾ, ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ ನೋಡಿ" ಅಂದಳು. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಆಗಾಗ ನೋಡಿ ತಿದ್ದಿಕೊಳ್ಳುತ್ತಾ ಹೋಗುವ ಈ ರೀತಿಗೆ ಅವರ ಆಫೀಸಿನಲ್ಲಿ ಅಜೈಲ್ ಅನ್ನುತ್ತಾರಂತೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಆ ಹೆಸರಿನಲ್ಲಿ ಒಂದು ಪ್ರಣಾಳಿಕೆ ಬರೆದರು. ಚೀಟಿ ಅಂಟಿಸುವ ಕಾನ್‌ಬಾನ್ ಅನ್ನುವ ಪದ್ಧತಿ ಮಾತ್ರ ಅದಕ್ಕಿಂತ ಹಳೆಯದು, ಟೊಯೋಟಾ ಕಾರ್ಖಾನೆಯಿಂದ ಬಂದದ್ದು.

ಗೋಡೆಯ ಮೇಲೆ ನಾಲ್ಕು ಸಾಲು ಮಾಡಿದೆವು: ಮಾಡಬೇಕು, ಮಾಡ್ತಿದ್ದೀವಿ, ಒಪ್ಪಿಗೆಗೆ ಕಾಯ್ತಿದೆ, ಮುಗೀತು. ಒಂದೇ ವಾರದಲ್ಲಿ ಮೂರನೇ ಸಾಲಿನಲ್ಲಿ ಚೀಟಿಗಳು ಒಂದರ ಮೇಲೊಂದು ಸೇರಿಕೊಂಡವು. ನಾವೆಲ್ಲ ನಿಧಾನ ಅಂದುಕೊಂಡಿದ್ದೆವು. ನಿಜವಾಗಿ ನಮ್ಮ ಎಲ್ಲಾ ಕೆಲಸವೂ ನಿರ್ದೇಶಕರೊಬ್ಬರ ಮೇಜಿನ ಮೇಲೆ ನಿಂತಿತ್ತು. ಅವರನ್ನು ಕರೆದು ಗೋಡೆ ತೋರಿಸಿದೆವು. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹದಿನೈದು ನಿಮಿಷ ಇಲ್ಲೇ ನಿಂತು ಒಪ್ಪಿಗೆ ಕೊಡುತ್ತೇನೆ ಅಂದರು. ಹಾಗೇ ನಡೆಸಿಕೊಂಡೂ ಬಂದಿದ್ದಾರೆ.

ಇದಕ್ಕಿಂತ ದೊಡ್ಡ ಜಗಳ ನಡೆದದ್ದು "ಮುಗೀತು" ಅನ್ನುವ ಮಾತಿನ ಮೇಲೆ. ನಮ್ಮ ಲೆಕ್ಕದಲ್ಲಿ ದುಡ್ಡು ಬ್ಯಾಂಕಿಗೆ ಬಂದರೆ ಮುಗೀತು. ಲೆಕ್ಕಪತ್ರ ನೋಡುವವರು ಒಪ್ಪಲಿಲ್ಲ. ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಕೊಡಬೇಕು, ಆಮೇಲೆ ದಾನಿಗೆ 10ಬಿಇ ಪ್ರಮಾಣಪತ್ರ ಕಳಿಸಬೇಕು. ಪ್ಯಾನ್ ನಂಬರಿನಲ್ಲಿ ಒಂದಕ್ಷರ ತಪ್ಪಿದರೂ ಅವರಿಗೆ ವಿನಾಯಿತಿ ಸಿಗುವುದು ಕಷ್ಟ. ಪ್ರತಿ ಮೇ ತಿಂಗಳೂ ನೂರಾರು ಪ್ಯಾನ್ ಹುಡುಕುತ್ತಾ ಆ ಮನುಷ್ಯ ಒಬ್ಬರೇ ರಾತ್ರಿ ಕೂರುತ್ತಿದ್ದರು. ಅದು ನಮಗೆ ಗೊತ್ತೇ ಇರಲಿಲ್ಲ.

ಈಗ ಹೆಸರು, ವಿಳಾಸ, ಪ್ಯಾನ್ ಸರಿಯಿದೆಯಾ ಅಂತ ನೋಡಿ, ರಸೀದಿ ಕಳಿಸಿ, ಫೋನ್‌ನಲ್ಲಿ ಥ್ಯಾಂಕ್ಸ್ ಹೇಳಿದ ಮೇಲೇ ಚೀಟಿ ಕೊನೆಯ ಸಾಲಿಗೆ ಹೋಗುತ್ತದೆ. ಮನವಿ ಪತ್ರವನ್ನೂ ಎರಡು ವಾರಕ್ಕೊಮ್ಮೆ ಸ್ವಲ್ಪ ಜನರಿಗೆ ಕಳಿಸಿ, ಅವರು ಏನಂದರು ಅಂತ ಕೇಳಿ ತಿದ್ದುತ್ತೇವೆ.

ಎಲ್ಲವೂ ಹೊಂದಲಿಲ್ಲ. ದಿನಕ್ಕೆ ಎಷ್ಟು ಫೋನ್ ಮಾಡಿದಿರಿ ಅಂತ ಎಣಿಸಲು ಹೋದೆವು. ಮಾತುಗಳು ಚಿಕ್ಕವಾದವು, ದಾನಿಗಳ ಮನೆ ಸುದ್ದಿ ಕೇಳುವುದು ನಿಂತಿತು. ಎರಡೇ ವಾರಕ್ಕೆ ಎಣಿಕೆ ಬಿಟ್ಟೆವು. ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್ಆರ್ ಹಣಕ್ಕೂ ಎರಡು ವಾರದ ಲೆಕ್ಕ ನಡೆಯುವುದಿಲ್ಲ. ಕಂಪನಿಯ ಸಮಿತಿ, ಆಮೇಲೆ ಅವರ ನಿರ್ದೇಶಕ ಮಂಡಳಿ, ಹೀಗೆ ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೆ ಬೇರೆ ಬಣ್ಣದ ಚೀಟಿ ಇಟ್ಟಿದ್ದೇವೆ.

ಮೇಷ್ಟ್ರು ಈ ವರ್ಷವೂ ಕಳಿಸಿದರು. ಮಾರನೇ ದಿನವೇ ನಾನು ಫೋನ್ ಮಾಡಿದೆ. "ಇಷ್ಟು ಬೇಗನಾ!" ಅಂದವರು, ಮಕ್ಕಳು ಈಗ ಏನು ಓದುತ್ತಿದ್ದಾರೆ ಅಂತ ಅರ್ಧ ಗಂಟೆ ಕೇಳಿದರು.