ನಮ್ಮನೆ ತಾರಸಿ ನೀರು ಎಲ್ಲಿಗೆ ಹೋಗ್ತಿತ್ತು ಅಂದ್ರೆ

ಮಳೆ ಜೋರಾದ್ರೆ ನಮ್ಮ ರೋಡಿನ ಕೆಳಗಡೆ ಮನೆಗಳಿಗೆ ನೀರು ನುಗ್ಗುತ್ತೆ, ವರ್ಷಕ್ಕೆ ಎರಡ್ಮೂರು ಸಲ ಗ್ಯಾರಂಟಿ. ನಾವಿರೋದು ಮೇಲ್ಗಡೆ, ಬಾಲ್ಕನೀಲಿ ನಿಂತ್ಕೊಂಡು "ಮೋರಿ ಕ್ಲೀನ್ ಮಾಡ್ಸಲ್ಲ ನೋಡು ಇವ್ರು" ಅಂತ ಬೈಕೊಂಡು ಒಳಗೆ ಬಂದ್ಬಿಡ್ತಿದ್ವಿ. ಹೋದ್ವರ್ಷ ಒಂದಿನ ಮಳೇಲೇ ಗೇಟ್ ಹಾಕಕ್ಕೆ ಹೋಗಿ ನೋಡ್ತೀನಿ, ನಮ್ಮನೆ ಪೈಪಿಂದಾನೇ ನೀರು ಧೋ ಅಂತ ರೋಡಿಗೆ ಸುರೀತಿದೆ, ಸೀದಾ ಅವರ ಮನೆ ದಿಕ್ಕಿಗೇ.

ನಮ್ಮನೇಲಿ ಮಳೆಕೊಯ್ಲು ಇಲ್ಲ ಅಂತಲ್ಲ, ಇದೆ, ಒಂದು ನೀಲಿ ಡ್ರಮ್ಮು. 2009ರಲ್ಲಿ ಬೆಂಗಳೂರಲ್ಲಿ ರೂಲ್ಸ್ ಬಂತಲ್ಲ, ಹೊಸದಾಗಿ ಕಟ್ಟೋದಾದ್ರೆ 30-40 ಸೈಟಿಗೂ, ಹಳೇ ಮನೆ ಆದ್ರೆ 60-40ಕ್ಕೂ ಕಡ್ಡಾಯ ಅಂತ, ನಾವು ಕಟ್ಟಿದ್ದು ಅದಾದ್ಮೇಲೆ, ನೀರಿನ ಕನೆಕ್ಷನ್ ಬೇಕಲ್ಲ ಅಂತ ಡ್ರಮ್ಮಿಗೆ ಜಲ್ಲಿ ಮರಳು ತುಂಬ್ಸಿ ಫೋಟೋ ತೆಗ್ಸಿದ್ವಿ. ಡ್ರಮ್ಮಿಂದಾಚೆ ಪೈಪ್ ಎಲ್ಲಿಗೆ ಹೋಗುತ್ತೆ ಅಂತ ಇಷ್ಟು ವರ್ಷ ನೋಡೇ ಇಲ್ಲ. ಒಂದು ರೋಡಿಗೆ, ಹಿಂದ್ಗಡೇದು ಯುಜಿಡಿಗೆ, ಅಂದ್ರೆ ಒಳಚರಂಡಿಗೆ! ಬಚ್ಚಲು ಕಕ್ಕಸಿನ ನೀರಿಗೆ ಅಂತ ಹಾಕಿರೋ ಲೈನಿಗೆ ಊರಿನ ತಾರಸಿ ನೀರೆಲ್ಲ ಬಿಟ್ರೆ ಮ್ಯಾನ್‌ಹೋಲ್ ಉಕ್ಕದೆ ಇನ್ನೇನಾಗುತ್ತೆ.

ಆಮೇಲೆ ಕೂತು ಲೆಕ್ಕ ಹಾಕ್ದೆ. ತಾರಸಿ ಹೆಚ್ಚೂಕಮ್ಮಿ 100 ಚದರ ಮೀಟರ್, 1 ಮಿ.ಮೀ. ಮಳೆ ಬಿದ್ರೆ 100 ಲೀಟರ್. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, ಅಂದ್ರೆ 97 ಸಾವಿರ ಲೀಟರ್, 6 ಸಾವಿರ ಲೀಟರಿನ ಟ್ಯಾಂಕರ್ ಆದ್ರೆ 16! ಪೂರ್ತಿ ಹಿಡಿಯಕ್ಕಾಗಲ್ಲ ಬಿಡಿ, ಆದ್ರೂ 2024ರ ಮಾರ್ಚಲ್ಲಿ ಬೋರ್ ಕೈಕೊಟ್ಟು ಟ್ಯಾಂಕರ್‌ನೋನಿಗೆ ದಿನಾ ಫೋನ್ ಮಾಡಿ ಗೋಗರೆದಿದ್ದು ನಾನೇ, ಹೊಟ್ಟೆ ಉರೀದೆ ಇರುತ್ತಾ.

ಮಳೆ ನೀರು ನೆಲಕ್ಕೆ ಇಂಗಿಸೋ ಇಂಗುಬಾವಿ ತೋಡ್ಸೋಣ ಅಂತಾಯ್ತು. ಅಮ್ಮಂಗೆ ಪಾಯ ಕುಸಿಯುತ್ತೆ ಅಂತ ಭಯ, ಅದಕ್ಕೆ ಗೋಡೆ, ಸಂಪು ಎರಡರಿಂದಾನೂ ದೂರ, ಗೇಟ್ ಪಕ್ಕದ ಟೈಲ್ಸ್ ಕೀಳ್ಸಿದ್ವಿ. ಬಂದೋರು ಮಣ್ಣು ಒಡ್ಡರು, ತಾತ ಮುತ್ತಾತನ ಕಾಲದಿಂದ ಬಾವಿ ತೋಡೋರು. ಮೂರಡಿ ಅಗಲದ ಗುಂಡೀಲಿ ಒಬ್ಬರು ಕುಕ್ಕರುಗಾಲಲ್ಲಿ ಕೂತು ಗಿಡ್ಡ ಹಿಡಿ ಗುದ್ದಲೀಲಿ ಅಗೀತಾರೆ, ಮೇಲೊಬ್ಬರು ಹಗ್ಗದಲ್ಲಿ ಬಕೆಟ್ ಎಳೀತಾರೆ. ಮೊದ್ಲು ಬರೀ ಇಟ್ಟಿಗೆ ಚೂರು, ಸಿಮೆಂಟ್ ಚೀಲ, ನಾವೇ ಹೂತಿದ್ದು ಅನ್ನಿ. ಆಮೇಲೆ ಅಂಟು ಮಣ್ಣು. ಆ ಅಣ್ಣ ಅದನ್ನ ಉಂಡೆ ಮಾಡಿ ತೋರ್ಸಿ "ಇದು ನೀರು ಬಿಡಲ್ಲ ಅಕ್ಕ, ಇನ್ನೂ ಇಳೀಬೇಕು" ಅಂದ್ರು. ಹದಿನಾಲ್ಕಡಿಗೆ ಉಂಡೆ ಕಟ್ಟದೆ ಬೆರಳ ಸಂದೀಲಿ ಉದುರೋ ಮಣ್ಣು ಸಿಕ್ತು. "ಇದು ನೋಡಿ, ನೀರು ಕುಡಿಯೋ ಮಣ್ಣು!"

20 ಅಡಿ ಇಳಿದು ಸಿಮೆಂಟ್ ರಿಂಗ್ ಒಂದರ ಮೇಲೊಂದು ಕೂರ್ಸಿದ್ರು, ಮಧ್ಯೆ ಗಾರೆ ಹಾಕಲ್ಲ, ಸುತ್ತ ಜಲ್ಲಿ, ತಳ ಹಾಗೇ ಮಣ್ಣು, ನೀರು ಇಂಗೋದು ರಿಂಗಿನ ಸಂದಿಂದಾನೂ ತಳದಿಂದಾನೂ. ಡ್ರಮ್ಮಿಂದ ಬರೋ ಪೈಪ್ ಈಗ ಈ ಬಾವಿಗೆ. ಪಾರಿವಾಳದ ಹಿಕ್ಕೆ ತೊಳ್ಕೊಂಡು ಬರೋ ಮೊದಲ ಮಳೆ ಆಚೆಗೆ ಬಿಡಕ್ಕೆ ಒಂದು ವಾಲ್ವ್. ಡ್ರಮ್ಮಿನ ಮರಳು ತೊಳ್ದಾಗ ಬಂದ ಕೆಸರು ನೆನೆಸ್ಕೊಂಡ್ರೆ ಈಗ್ಲೂ ವಾಕರಿಕೆ.

ಮೇಲೆ ಜಾಲರಿ ಮುಚ್ಚಳ ಇದೆ. ಮೊದ್ಲ ದೊಡ್ಡ ಮಳೇಲಿ ಅಮ್ಮ ಛತ್ರಿ ಹಿಡ್ಕೊಂಡು ಅದ್ರ ಮೇಲೆ ಬಗ್ಗಿ "ತುಂಬ್ತು, ತುಂಬ್ತು" ಅಂತ ಕೂಗ್ತಿದ್ರು, ಬಾವಿಯೊಳಗೆ ಭೋರ್ ಅಂತ ಸದ್ದು. ಮಾರನೇ ದಿನ ಮಧ್ಯಾಹ್ನದಷ್ಟೊತ್ತಿಗೆ ತಳ ಕಾಣ್ತಿತ್ತು.

ಕೆಳಗಡೆ ಮನೆ ಆಂಟಿಗೆ ನೀರು ನುಗ್ಗೋದು ನಿಂತಿಲ್ಲ, ನಮ್ಮ ರೋಡಲ್ಲಿ ಬಾವಿ ಇರೋದು ನಮ್ಮನೇಲಿ ಮಾತ್ರ. ಪಕ್ಕದ್ಮನೆ ಅಂಕಲ್ ಬಂದು ಬಗ್ಗಿ ನೋಡಿ, ಸೊಳ್ಳೆ ಆಗಲ್ವಾ, ಕಾರ್ ನಿಲ್ಲಿಸ್ಬೋದಾ ಅಂತೆಲ್ಲ ಕೇಳಿ ಬಾವಿ ತೋಡೋರ ನಂಬರ್ ಇಸ್ಕೊಂಡು ಹೋದ್ರು. ಇನ್ನೂ ಫೋನ್ ಮಾಡಿಲ್ಲ ಅನ್ಸತ್ತೆ, ನಿನ್ನೆ ರಾತ್ರಿ ಮಳೇಲೂ ಅವರ ಪೈಪ್ ರೋಡಿಗೇ ಸುರೀತಿತ್ತು.