ಹಸಿದವರನ್ನು ಹುಡುಕಿ ತರುವ ವ್ರತ

ಹುವಾನಾ ಎಸ್ತ್ರಾದಾ ಚಾವೆಝ್ 1991ರ ಡಿಸೆಂಬರಿನಲ್ಲಿ, ತಮ್ಮ 99ನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಹೊಲಗೆಲಸದವರ ಸಂಘ ಕಟ್ಟಿ ಅಮೆರಿಕದಲ್ಲಿ ಹೆಸರಾದ ಸೀಸರ್ ಚಾವೆಝ್ ಈಕೆಯ ಮಗ. ಸ್ಯಾನ್ ಹೊಸೆಯ ಗ್ವಾದಲೂಪೆ ಮಾತೆಯ ಚರ್ಚಿನಲ್ಲಿ ತಾಯಿಯನ್ನು ನೆನೆದು ಮಾತನಾಡಿದ ಮಗ, ಆಕೆ ವರ್ಷವರ್ಷವೂ ತಪ್ಪದೆ ನಡೆಸಿಕೊಂಡು ಬಂದ ಒಂದು ವ್ರತವನ್ನು ಜನರ ಮುಂದಿಟ್ಟರು. ಆ ವ್ರತದ ಬಗ್ಗೆ ತಿಳಿದಂದಿನಿಂದ ಅದು ನನ್ನ ಮನಸ್ಸನ್ನು ಬಿಟ್ಟುಹೋಗಿಲ್ಲ.

ಹುವಾನಾ ಹುಟ್ಟಿದ್ದು ಮೆಕ್ಸಿಕೋದ ಚಿಹುವಾಹುವಾ ರಾಜ್ಯದಲ್ಲಿ. ಎಳವೆಯಲ್ಲೇ ಗಡಿ ದಾಟಿ ಬಂದ ಅವರು ಮುಂದೆ ಲಿಬ್ರಾದೊ ಚಾವೆಝ್ ಅವರನ್ನು ಮದುವೆಯಾಗಿ ಅರಿಜೋನಾದ ಯೂಮಾ ಪಟ್ಟಣದ ಬಳಿ ಸಂಸಾರ ಹೂಡಿದರು. ಅವರು ನಂಬಿದ್ದ ದೈವ ಸಂತ ಎದುವಿಹೆಸ್. ಯುರೋಪಿನಲ್ಲಿ ಹೆಡ್‌ವಿಗ್ ಎಂದು ಹೆಸರಾದ ಈ ಸಂತಳು ಇಂದಿನ ಪೋಲೆಂಡಿಗೆ ಸೇರಿದ ಸೈಲೀಸಿಯಾದ ಅರಸನ ಮಡದಿ. ಅರಮನೆಯ ಸಿರಿಯನ್ನು ಬಡವರಿಗೂ ರೋಗಿಗಳಿಗೂ ಹಂಚಿ 1243ರಲ್ಲಿ ದೇಹ ಬಿಟ್ಟವಳು. ಹಿಮ ಬಿದ್ದಾಗಲೂ ಬರಿಗಾಲಲ್ಲಿ ನಡೆಯುತ್ತಿದ್ದ ಆಕೆ, ಪಾದರಕ್ಷೆ ಬೇಕೇ ಬೇಕೆಂದು ಗುರುಗಳು ಒತ್ತಾಯಿಸಿದಾಗ ಅವನ್ನು ಕೈಯಲ್ಲಿ ಹಿಡಿದುಕೊಂಡೇ ನಡೆದಳೆಂಬ ಕಥೆಯಿದೆ.

ಅಕ್ಟೋಬರ್ 16 ಆ ಸಂತಳ ಹಬ್ಬ. ಅಂದು ಹುವಾನಾ ಮಕ್ಕಳನ್ನು ಹೊರಗೆ ಕಳುಹಿಸಿ, ಹಸಿದವರು ಎಲ್ಲಿದ್ದರೂ ಹುಡುಕಿ ಊಟಕ್ಕೆ ಕರೆತನ್ನಿ ಎನ್ನುತ್ತಿದ್ದರು. ಅದು 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದೆ ಊರಿಂದ ಊರಿಗೆ ಅಲೆಯುವ ಗಂಡಸರು ರೈಲುಹಳಿಗಳ ಆಸುಪಾಸಿನಲ್ಲಿ ಎಷ್ಟೋ ಮಂದಿ ಸಿಗುತ್ತಿದ್ದರು. ಬಂದವರಲ್ಲಿ ಕೆಲವರು, ಉಂಡ ಋಣಕ್ಕೆ ಸೌದೆಯನ್ನಾದರೂ ಒಡೆದುಕೊಡುತ್ತೇವೆ ಎಂದರೆ ಆ ತಾಯಿ ಒಪ್ಪುತ್ತಿರಲಿಲ್ಲ. ಒಡೆಯಬೇಕಾದ ಸೌದೆ ಹಿತ್ತಲಲ್ಲಿ ಬೇಕಾದಷ್ಟಿತ್ತು, ಒಡೆಯುವ ಕೈಗಳೂ ಬಾಗಿಲಿಗೇ ಬಂದಿದ್ದವು. ಆದರೂ ಬೇಡವೆಂದರು, ಏಕೆಂದರೆ ಕೆಲಸಕ್ಕೆ ಪ್ರತಿಯಾಗಿ ಬಡಿಸಿದ ಅನ್ನ ಕೂಲಿಯಾಗುತ್ತದೆಯೇ ಹೊರತು ಸಂತಳಿಗೆ ಸಲ್ಲುವ ನೈವೇದ್ಯವಾಗುವುದಿಲ್ಲ. ನಾವು ಹರಕೆ ಹೊರುವಾಗ ಮನಸ್ಸಿನಲ್ಲಿ ಒಂದು ಫಲವನ್ನು ಇಟ್ಟುಕೊಂಡೇ ಹೊರುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ, ಕಷ್ಟದಲ್ಲಿರುವ ಜೀವ ದೇವರನ್ನಲ್ಲದೆ ಇನ್ನಾರನ್ನು ಕೇಳೀತು? ಆದರೆ ಉಂಡವನಿಂದ ಒಂದು ಹೊರೆ ಸೌದೆಯ ಸಹಾಯವನ್ನೂ ಬಯಸದ ಈ ವ್ರತ ಅದಕ್ಕಿಂತ ಎತ್ತರದ್ದೆಂದು ನಾನು ನಂಬುತ್ತೇನೆ.

1930ರ ದಶಕದ ಕೊನೆಗೆ ಆ ಕುಟುಂಬದ ಜಮೀನು ಕೈತಪ್ಪಿತು. ಗಂಡ, ಹೆಂಡತಿ, ಮಕ್ಕಳೆಲ್ಲ ಕ್ಯಾಲಿಫೋರ್ನಿಯಾಕ್ಕೆ ಬಂದು, ಬಟಾಣಿ, ದ್ರಾಕ್ಷಿ, ಹತ್ತಿ ಎಂದು ಸುಗ್ಗಿ ಇದ್ದಲ್ಲಿಗೆ ಗುಳೆ ಹೋಗುವ ಕೂಲಿಗಳಾದರು. ಆಕ್ಸ್‌ನಾರ್ಡ್ ಊರಿನಲ್ಲಿ ಒಂದು ಚಳಿಗಾಲವನ್ನು ತೊಯ್ದ ಗುಡಾರದಲ್ಲಿ ಕಳೆದರು. ಮಕ್ಕಳು ಬರಿಗಾಲಲ್ಲಿ ಕೆಸರು ತುಳಿದು ಶಾಲೆಗೆ ಹೋದರು. ಇಂಥ ಬಡತನದಲ್ಲಿ ವ್ರತ ಬಿಟ್ಟಿದ್ದರೂ ಯಾರೂ ಆಕೆಯನ್ನು ದೂರುತ್ತಿರಲಿಲ್ಲ. ಆಕೆ ಬಿಡಲಿಲ್ಲ. ತನಗಿಂತ ಬಡವರು ಇದ್ದೇ ಇರುತ್ತಾರೆಂಬ ನಂಬಿಕೆಯಿಂದ ಅವರನ್ನು ಹುಡುಕುತ್ತಲೇ ಇದ್ದರು.

ಹುವಾನಾ ಶಾಲೆ ಕಲಿತವರಲ್ಲ. ಮಕ್ಕಳನ್ನು ತಿದ್ದಿದ್ದು ಗಾದೆಗಳಿಂದ, ಬುದ್ಧಿಮಾತುಗಳಿಂದ. ಜಗಳಕ್ಕೆ ಇಬ್ಬರು ಬೇಕು, ಒಬ್ಬನಿಂದ ಆಗುವುದಿಲ್ಲ. ಹೊಡೆಯಲು ಬಂದವನ ಮುಂದೆ ದೇವರು ಕೊಟ್ಟ ಕಣ್ಣು, ಬುದ್ಧಿ, ನಾಲಗೆಗಳನ್ನು ಬಳಸಿ ಪಾರಾಗಬೇಕು ಎಂಬುದು ಅವರು ಮತ್ತೆ ಮತ್ತೆ ಹೇಳಿದ ಪಾಠ. ಮುಂದೆ ಗಾಂಧೀಜಿಯವರ ಬದುಕನ್ನು ಓದಿ ಒಲಿದ ಮಗನಿಗೆ ಅಹಿಂಸೆ ಹೊಸದಾಗಿರಲಿಲ್ಲ, ಅದನ್ನು ಅವರು ಮನೆಯಲ್ಲೇ ಉಂಡು ಬೆಳೆದಿದ್ದರು. ಗಾಂಧೀಜಿಯವರಿಗೂ ಉಪವಾಸದ ಮೊದಲ ಪಾಠವಾದದ್ದು ಚಾತುರ್ಮಾಸ್ಯದಲ್ಲಿ ಸೂರ್ಯನನ್ನು ಕಾಣದೆ ಉಣ್ಣದಿದ್ದ ತಾಯಿ ಪುತಲೀಬಾಯಿಯವರ ವ್ರತವಲ್ಲವೇ?

1968ರಲ್ಲಿ, ಕ್ಯಾಲಿಫೋರ್ನಿಯಾದ ಡೆಲಾನೊ ಊರಿನ ದ್ರಾಕ್ಷಿ ಕಾರ್ಮಿಕರ ಮುಷ್ಕರ ಹಿಂಸೆಗೆ ತಿರುಗದಿರಲೆಂದು ಸೀಸರ್ 25 ದಿನ ಉಪವಾಸ ಮಾಡಿದರು. ಮಾರ್ಚ್ 10ರಂದು ಸಾವಿರಾರು ಜನ ಸೇರಿದ್ದ ಪೂಜೆಯಲ್ಲಿ ಅವರು ರೊಟ್ಟಿ ತಿಂದು ಉಪವಾಸ ಮುರಿದಾಗ ಒಂದು ಪಕ್ಕದಲ್ಲಿ ಸೆನೆಟರ್ ರಾಬರ್ಟ್ ಕೆನಡಿ, ಇನ್ನೊಂದು ಪಕ್ಕದಲ್ಲಿ ತಾಯಿ ಹುವಾನಾ ಕುಳಿತಿದ್ದರು. ಆ ದಿನದ ಚಿತ್ರವನ್ನು ನೋಡುವವರೆಲ್ಲ ಕೆನಡಿಯವರನ್ನು ಗುರುತಿಸುತ್ತಾರೆ. ಆ ತಾಯಿಯನ್ನೂ ಗುರುತಿಸಬೇಕೆಂಬುದು ನನ್ನ ಆಸೆ. ಅಂದು ನೆರೆದ ಜನರ ನಡುವೆ ರೊಟ್ಟಿ ಹಂಚಿದ ಆ ಪೂಜೆಯ ರೀತಿ ಮಗನಿಗೆ ಆಕೆಯ ಮನೆಯಿಂದಲೇ ಬಂದದ್ದು.